ಲಾಗ್‌ನಲ್ಲಿ ಏನೂ ಇಲ್ಲ, ಸರ್ವರ್ ಮಾತ್ರ ತಾನಾಗಿ ರೀಬೂಟ್ ಆಗುತ್ತಿದೆ: ಫರ್ಮ್‌ವೇರ್ ಎಲ್ಲವನ್ನೂ ಅಪ್‌ಡೇಟ್ ಮಾಡಿಬಿಡಬೇಕೆ?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ನಮ್ಮ ಸಂಸ್ಥೆಯಲ್ಲಿ ಒಂದೇ ಮಾದರಿಯ ಮೂರು ಸರ್ವರ್‌ಗಳಿವೆ. ವರ್ಚುವಲ್ ಯಂತ್ರಗಳನ್ನು ನಡೆಸುವ ಪ್ರಾಕ್ಸ್‌ಮಾಕ್ಸ್ ಹಾಕಿ ಮೂರನ್ನೂ ಜೋಡಿಸಿ ಕ್ಲಸ್ಟರ್ ಮಾಡಿಕೊಂಡಿದ್ದೇವೆ, ಒಂದು ಬಿದ್ದರೆ ಉಳಿದವು ಅದರ ಕೆಲಸ ವಹಿಸಿಕೊಳ್ಳುವ ಹೈ ಅವೈಲಬಿಲಿಟಿಯನ್ನೂ ಚಾಲೂ ಮಾಡಿದ್ದೇವೆ. ಕೆಲವು ತಿಂಗಳಿನಿಂದ ಇವುಗಳಲ್ಲಿ ಒಂದಲ್ಲ ಒಂದು ಇದ್ದಕ್ಕಿದ್ದಂತೆ ರೀಬೂಟ್ ಆಗುತ್ತಿದೆ. ಪ್ರತಿ ಸಲ ಅದೇ ಯಂತ್ರವೂ ಅಲ್ಲ. ವರ್ಚುವಲ್ ಯಂತ್ರಗಳು ಉಳಿದೆರಡರ ಮೇಲೆ ತಾವಾಗಿ ಏಳುವುದರಿಂದ ಬಳಕೆದಾರರಿಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ಗೊತ್ತಾಗುವುದು ಬೆಳಗ್ಗೆ ಇಮೇಲ್ ನೋಡುವ ನನಗೆ ಮಾತ್ರ.

ರ‍್ಯಾಮ್ ಅನ್ನು ಮೆಮ್‌ಟೆಸ್ಟ್‌ನಲ್ಲಿ ರಾತ್ರಿಯಿಡೀ ಓಡಿಸಿ ನೋಡಿದ್ದಾಯಿತು. ಯುಪಿಎಸ್, ಪವರ್ ಕೇಬಲ್, ಕೋಣೆಯ ಉಷ್ಣಾಂಶ ಎಲ್ಲ ಸರಿಯಾಗಿವೆ. ಜರ್ನಲ್ (ಸಿಸ್ಟಮ್ ಲಾಗ್) ತೆರೆದರೆ ಕೊನೆಯ ಸಾಲು ನಿಗದಿತ ಹೊತ್ತಿಗೆ ಎಂದಿನಂತೆ ತಾನಾಗಿ ಓಡಿದ ಯಾವುದೋ ಕ್ರಾನ್ ಕೆಲಸದ್ದು. ಅದರ ಮುಂದಿನ ಸಾಲೇ ಕರ್ನಲ್ (ಲಿನಕ್ಸ್‌ನ ತಿರುಳು) ಮತ್ತೆ ಏಳುತ್ತಿರುವುದರದ್ದು. ನಡುವೆ ಒಂದಕ್ಷರವೂ ಇಲ್ಲ. ಸರ್ವರ್‌ನ ಯಂತ್ರಾಂಶವನ್ನು ಗಮನಿಸುವ ಪ್ರತ್ಯೇಕ ಚಿಪ್ ಆದ ಬಿಎಂಸಿಯ ಈವೆಂಟ್ ಲಾಗ್ ಕೂಡ ಖಾಲಿ.

ಸರ್ವರ್ ಕಂಪನಿಯ ಬೆಂಬಲ ವಿಭಾಗಕ್ಕೆ ಕರೆ ಮಾಡಿದರೆ ಪ್ರತಿಸಲವೂ ಒಂದೇ ಉತ್ತರ: 'ಬಯಾಸ್, ಬಿಎಂಸಿ, ರೇಡ್ ಕಂಟ್ರೋಲರ್ (ಒಂದು ಡಿಸ್ಕ್ ಕೆಟ್ಟರೂ ಕೆಲಸ ನಡೆಯುವಂತೆ ಹಲವು ಡಿಸ್ಕ್‌ಗಳನ್ನು ಜೋಡಿಸುವ ಕಾರ್ಡ್), ನೆಟ್‌ವರ್ಕ್ ಕಾರ್ಡ್, ಡಿಸ್ಕ್ ಎಲ್ಲದರ ಫರ್ಮ್‌ವೇರ್ (ಅವುಗಳೊಳಗೇ ಕೂತಿರುವ ತಂತ್ರಾಂಶ) ಇತ್ತೀಚಿನ ಆವೃತ್ತಿಗೆ ತನ್ನಿ, ಆಮೇಲೆ ನೋಡೋಣ.' ಆಡಳಿತ ಮಂಡಳಿಯವರೂ ಅದನ್ನೇ ಮಾಡಿ ಮುಗಿಸಿ ಎನ್ನುತ್ತಿದ್ದಾರೆ. ನನಗೆ ಧೈರ್ಯ ಸಾಲುತ್ತಿಲ್ಲ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಹಳೇ ಕಬ್ಬಿಣ:
ಸದ್ಯಕ್ಕೆ ಯಾವುದನ್ನೂ ಮುಟ್ಟಬೇಡಿ ಸರ್. ಐದು ಭಾಗಗಳ ಫರ್ಮ್‌ವೇರ್ ಒಂದೇ ರಾತ್ರಿ ಬದಲಾಯಿಸಿದಿರಿ, ತೊಂದರೆ ನಿಂತಿತು ಎಂದುಕೊಳ್ಳಿ. ಯಾವುದರಿಂದ ನಿಂತಿತು? ಐದರಲ್ಲಿ ಒಂದರಿಂದಲೋ, ಅಪ್‌ಡೇಟ್ ಮಾಡುವಾಗ ಪವರ್ ಪೂರ್ತಿ ತೆಗೆದು ಹಾಕಿದ್ದರಿಂದಲೋ? ಎಷ್ಟೋ ಕಂಟ್ರೋಲರ್‌ಗಳು ಸಾಮಾನ್ಯ ರೀಬೂಟ್‌ನಲ್ಲಿ ತಮ್ಮ ಸ್ಥಿತಿಯನ್ನು ಪೂರ್ತಿ ಕಳೆದುಕೊಳ್ಳುವುದಿಲ್ಲ, ಪ್ಲಗ್ ಕಿತ್ತಾಗ ಮಾತ್ರ ಕಳೆದುಕೊಳ್ಳುತ್ತವೆ. ಮೂರು ತಿಂಗಳ ನಂತರ ಅದೇ ತೊಂದರೆ ಮರಳಿದರೆ ನಿಮ್ಮ ಬಳಿ ಹೇಳಲು ಏನೂ ಉಳಿದಿರುವುದಿಲ್ಲ. ತೊಂದರೆ ನಿಲ್ಲದಿದ್ದರಂತೂ ಹಳೆಯ ಅನುಮಾನಗಳ ಜೊತೆಗೆ ಐದು ಹೊಸವು ಸೇರಿಕೊಳ್ಳುತ್ತವೆ.

ಹೊಸದು ಎಂದ ಮಾತ್ರಕ್ಕೆ ಒಳ್ಳೆಯದು ಎನ್ನುವವರಿಗೆ 2018ರ ಜನವರಿಯನ್ನು ನೆನಪಿಸುತ್ತೇನೆ. ಸ್ಪೆಕ್ಟರ್ ಎಂಬ ಪ್ರೊಸೆಸರ್ ಭದ್ರತಾ ದೋಷಕ್ಕೆಂದು ಇಂಟೆಲ್ ಹೊಸ ಮೈಕ್ರೋಕೋಡ್ (ಪ್ರೊಸೆಸರ್‌ನ ಒಳಗಿನ ಸೂಚನೆಗಳು) ಬಿಟ್ಟಿತು. ಬ್ರಾಡ್‌ವೆಲ್, ಹ್ಯಾಸ್‌ವೆಲ್ ಪ್ರೊಸೆಸರ್‌ಗಳ ಯಂತ್ರಗಳು ಅದನ್ನು ಹಾಕಿಕೊಂಡ ಮೇಲೆ ತಾವಾಗಿ ರೀಬೂಟ್ ಆಗತೊಡಗಿದವು. ಆ ತಿಂಗಳ 22ರಂದು ಸ್ವತಃ ಇಂಟೆಲ್ಲೇ 'ಅದನ್ನು ಹಾಕುವುದನ್ನು ನಿಲ್ಲಿಸಿ' ಎಂದು ಹೇಳಬೇಕಾಯಿತು. ನೀವು ಈಗ ಹೇಳುತ್ತಿರುವ ಲಕ್ಷಣವೇ ಅಂದು ಅಪ್‌ಡೇಟ್‌ನಿಂದ ಬಂದಿತ್ತು.

ಮೊದಲ ಕೆಲಸ, ಮೂರೂ ಯಂತ್ರಗಳಲ್ಲಿ ಈಗ ಇರುವ ಆವೃತ್ತಿಗಳನ್ನು ಬರೆದಿಟ್ಟುಕೊಳ್ಳಿ. ಅದಕ್ಕೆ ಬೇಕಾದ ಆಜ್ಞೆಗಳು: ಬಯಾಸ್‌ಗೆ ಡಿಎಂಐಡಿಕೋಡ್, ನೆಟ್‌ವರ್ಕ್ ಕಾರ್ಡ್‌ಗೆ ಈಥ್‌ಟೂಲ್, ಕಂಟ್ರೋಲರ್‌ಗೆ ಸ್ಟೋರ್‌ಸಿಎಲ್‌ಐ, ಡಿಸ್ಕ್‌ಗೆ ಸ್ಮಾರ್ಟ್‌ಸಿಟಿಎಲ್. ಮೈಕ್ರೋಕೋಡ್ ಆವೃತ್ತಿ ಸಿಪಿಯು‌ಇನ್ಫೋ ಕಡತದಲ್ಲೇ ಇರುತ್ತದೆ. ಒಂದೇ ಮಾದರಿಯ ಮೂರು ಯಂತ್ರ ಎನ್ನುತ್ತೀರಿ, ಒಳಗಿನ ಫರ್ಮ್‌ವೇರ್ ಕೂಡ ಒಂದೇ ಇದೆಯೇ?

ರಾತ್ರಿ ಪಾಳಿ:
ನಾನು ಕೆಲವು ವರ್ಷ ಅಂಥ ಬೆಂಬಲ ವಿಭಾಗದಲ್ಲೇ ಇದ್ದವನು, ಹಾಗಾಗಿ ಅವರ ಪರವಾಗಿಯೂ ಒಂದು ಮಾತು. 'ಎಲ್ಲ ಅಪ್‌ಡೇಟ್ ಮಾಡಿ' ಎನ್ನುವುದು ಕೆಲವೊಮ್ಮೆ ಕರೆಯನ್ನು ಸಾಗಹಾಕುವ ದಾರಿ, ಒಪ್ಪುತ್ತೇನೆ. ಆದರೆ ಹೊರಗಿನಿಂದ ಎಷ್ಟು ಹುಡುಕಿದರೂ ಪತ್ತೆಯಾಗದ, ಫರ್ಮ್‌ವೇರ್ ಮಾತ್ರ ಸರಿಪಡಿಸಬಲ್ಲ ದೋಷಗಳು ನಿಜವಾಗಿಯೂ ಇವೆ.

2019ರ ನವೆಂಬರ್‌ನಲ್ಲಿ ಎಚ್‌ಪಿಇ ಒಂದು ಎಚ್ಚರಿಕೆ ಹೊರಡಿಸಿತು. ಅದರ ಕೆಲವು ಎಸ್‌ಎಎಸ್ ಎಸ್‌ಎಸ್‌ಡಿಗಳು ಚಾಲನೆಯಲ್ಲಿ 32,768 ಗಂಟೆ ಪೂರೈಸಿದ ಕೂಡಲೇ ಸತ್ತುಹೋಗುತ್ತಿದ್ದವು. 3 ವರ್ಷ 270 ದಿನ 8 ಗಂಟೆ. ಡಿಸ್ಕೂ ಹೋಯಿತು, ಅದರಲ್ಲಿನ ಮಾಹಿತಿಯೂ ಹೋಯಿತು. ಸಂಖ್ಯೆ ನೋಡಿದರೆ ನಿಮಗೇ ಹೊಳೆಯುತ್ತದೆ: ಚಿಹ್ನೆಯುಳ್ಳ 16 ಬಿಟ್ ಲೆಕ್ಕ ತುಂಬುವುದು 32,767ಕ್ಕೆ. ಹೊಸ ಸರ್ವರ್ ತಂದಾಗ ಎಲ್ಲ ಡಿಸ್ಕ್‌ಗಳನ್ನೂ ಒಂದೇ ದಿನ ಚಾಲೂ ಮಾಡಿರುತ್ತೇವಲ್ಲವೇ? ಹಾಗಾಗಿ ರೇಡ್ ಇದ್ದೂ ಉಪಯೋಗವಿಲ್ಲ, ಎಲ್ಲವೂ ಹೆಚ್ಚುಕಡಿಮೆ ಒಟ್ಟಿಗೇ ಹೋಗುತ್ತವೆ. 2020ರ ಮಾರ್ಚ್‌ನಲ್ಲಿ ಇಂಥದ್ದೇ ಇನ್ನೊಂದು ಎಚ್ಚರಿಕೆ ಬಂತು, ಬೇರೆ ಮಾದರಿಗಳಿಗೆ, 40,000 ಗಂಟೆಯದು. ಎರಡಕ್ಕೂ ಇದ್ದ ಮದ್ದು ಮುಂಚಿತವಾಗಿ ಫರ್ಮ್‌ವೇರ್ ಹಾಕುವುದೊಂದೇ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿಯಲ್ಲಿ ಹಿಂದಿನ ದಿನದವರೆಗೂ ಡಿಸ್ಕ್ ಆರೋಗ್ಯವಂತವೇ.

ಆದ್ದರಿಂದ ಕಬ್ಬಿಣದವರು ಹೇಳಿದಂತೆ ಆವೃತ್ತಿಗಳನ್ನು ಬರೆದುಕೊಳ್ಳಿ. ಬರೆದುಕೊಂಡ ಮೇಲೆ ಸುಮ್ಮನಿರಬೇಡಿ. ನಿಮ್ಮ ಆವೃತ್ತಿಯಿಂದ ಇಂದಿನ ಆವೃತ್ತಿಯವರೆಗಿನ ಪ್ರತಿಯೊಂದು ಬಿಡುಗಡೆ ಟಿಪ್ಪಣಿಯನ್ನೂ ಓದಿ. ಕೊನೆಯದನ್ನು ಮಾತ್ರ ಓದುವವರೇ ಹೆಚ್ಚು. ಬೇಕಾದ ಸಾಲು ನಡುವಿನ ಯಾವುದೋ ಆವೃತ್ತಿಯ ಟಿಪ್ಪಣಿಯಲ್ಲಿ ಕೂತಿರುತ್ತದೆ.

ಕಡಲಾಚೆ:
ಒಂದು ಪ್ರಶ್ನೆ. ಪ್ರತಿ ರೀಬೂಟ್‌ಗೂ ಮುಂಚೆ ಆ ಯಂತ್ರ ಎಷ್ಟು ಹೊತ್ತಿನಿಂದ ಓಡುತ್ತಿತ್ತು? ಹೆಚ್ಚುಕಡಿಮೆ ಅದೇ ಅವಧಿ ಮರಳಿ ಬರುತ್ತಿದ್ದರೆ ಅದು ಯಾವುದೋ ಎಣಿಕೆ ತುಂಬಿ ಹರಿಯುವ ದೋಷ. ಹಳೆಯ ಲಿನಕ್ಸ್ ಕರ್ನಲ್‌ಗಳಲ್ಲಿ 208.5 ದಿನಗಳದ್ದು ಹೆಸರುವಾಸಿ, ಸಮಯವನ್ನು ನ್ಯಾನೋಸೆಕೆಂಡಿಗೆ ಪರಿವರ್ತಿಸುವ ಗುಣಾಕಾರ ಅಲ್ಲಿಗೆ ಉಕ್ಕುತ್ತಿತ್ತು. ಎಎಂಡಿಯ 'ರೋಮ್' ಪೀಳಿಗೆಯ ಎಪಿಕ್ ಪ್ರೊಸೆಸರ್‌ಗಳಲ್ಲಿ ಸುಮಾರು 1044 ದಿನ ಓಡಿದ ಮೇಲೆ ಒಂದು ಕೋರ್ ಆಳ ನಿದ್ರೆಯಿಂದ ಏಳದೆ ಸ್ತಬ್ಧವಾಗಬಹುದು. ಎಎಂಡಿ ತನ್ನ ದೋಷಪಟ್ಟಿಯಲ್ಲಿ ಅದನ್ನು 1474ನೆಯ ಸಂಖ್ಯೆಯಡಿ ದಾಖಲಿಸಿ, ಸರಿಪಡಿಸುವ ಯೋಜನೆ ಇಲ್ಲ ಎಂದೂ ಬರೆದಿದೆ. ಆ ಅವಧಿಗೆ ಮುಂಚೆ ಒಮ್ಮೆ ರೀಬೂಟ್ ಮಾಡಬೇಕು, ಇಲ್ಲವೇ ಸಿಸಿ6 ನಿದ್ರಾಸ್ಥಿತಿಯನ್ನು ನಿಲ್ಲಿಸಬೇಕು. ಅಂಥದ್ದಕ್ಕೆ ಯಾವ ಅಪ್‌ಡೇಟ್ ಹಾಕಿದರೂ ನೀರಿನಲ್ಲಿ ಹೋಮ ಮಾಡಿದಂತೆ.

ತುಂಗಾತೀರ:
ಎಲ್ಲರಿಗೂ ಧನ್ಯವಾದ. ಕಬ್ಬಿಣದವರ ಅನುಮಾನ ಸರಿ, ಮೂರೂ ಒಂದೇ ಅಲ್ಲ. ಬಯಾಸ್ ಎರಡರಲ್ಲಿ ಒಂದೇ ಆವೃತ್ತಿ, ಮದರ್‌ಬೋರ್ಡ್ ಬದಲಾದ ಮೂರನೆಯದರಲ್ಲಿ ಹೊಸದು. ರೇಡ್ ಕಂಟ್ರೋಲರ್‌ನ ಫರ್ಮ್‌ವೇರ್ ಮಾತ್ರ ಮೂರರಲ್ಲೂ ಒಂದೇ, ಖರೀದಿಸಿದ ದಿನದ್ದು. ಮೈಕ್ರೋಕೋಡ್ ಪ್ಯಾಕೇಜ್ ಎಲ್ಲಿಯೂ ಹಾಕಿರಲಿಲ್ಲ.

ಕಡಲಾಚೆಯವರೇ, ಓಡಿದ ಅವಧಿಯಲ್ಲಿ ಯಾವ ಹೋಲಿಕೆಯೂ ಕಾಣಲಿಲ್ಲ. ಒಮ್ಮೆ ಒಂದು ವಾರ, ಒಮ್ಮೆ ಎರಡು ತಿಂಗಳು. ಆದರೆ ಪಟ್ಟಿ ಮಾಡುವಾಗ ಬೇರೊಂದು ಕಣ್ಣಿಗೆ ಬಿತ್ತು. ಹೆಚ್ಚುಕಡಿಮೆ ಎಲ್ಲವೂ ಶನಿವಾರ ರಾತ್ರಿ ಕಳೆದು ಭಾನುವಾರ ಬೆಳಗಾಗುವುದರೊಳಗೆ ಆಗಿವೆ. ನಮ್ಮ ವಾರದ ಪೂರ್ಣ ಬ್ಯಾಕಪ್ ಓಡುವುದು ಆಗಲೇ. ಬ್ಯಾಕಪ್ ಸರ್ವರ್ ಕಡೆಯ ನೆಟ್‌ವರ್ಕ್ ಕಾರ್ಡ್ ಇರಬಹುದೇ?

ಬಿಟ್ಟು ಬೈಟು:
ನಾನು ಸರ್ವರ್ ನೋಡಿಕೊಳ್ಳುವವಳಲ್ಲ, ಕೋಡ್ ಬರೆಯುವವಳು. ಹಾಗಾಗಿ ನನಗೆ ಕಾಡುತ್ತಿರುವುದು ಬೇರೆಯದೇ ಪ್ರಶ್ನೆ: ಲಾಗ್ ಯಾಕೆ ಖಾಲಿ? ಪವರ್ ಹೋದರೆ ಖಾಲಿ ಇರುವುದು ಸಹಜ, ಆದರೆ ನಿಮ್ಮಲ್ಲಿ ಪವರ್ ಹೋಗಿಲ್ಲ. ಕರ್ನಲ್ ಪ್ಯಾನಿಕ್ ಆಗಿದ್ದರೆ, ಅಂದರೆ ಕರ್ನಲ್ಲೇ ಕುಸಿದಿದ್ದರೆ, ಯಂತ್ರ ಸಾಮಾನ್ಯವಾಗಿ ಪರದೆಯ ಮೇಲೆ ಹಾಗೇ ನಿಂತಿರಬೇಕಿತ್ತು.

ಪ್ರಾಕ್ಸ್‌ಮಾಕ್ಸ್ ಹಾಕಿರುವ ರೂಟ್ ಡಿಸ್ಕ್ ಅದೇ ರೇಡ್ ಕಂಟ್ರೋಲರ್‌ನ ಹಿಂದೆಯೇ ಇದೆಯೇ? ಇದ್ದರೆ ಹೀಗೂ ಆಗಿರಬಹುದು. ಕಂಟ್ರೋಲರ್ ಸ್ತಬ್ಧವಾಗುತ್ತದೆ. ಕರ್ನಲ್ ಆ ಬಗ್ಗೆ ಏನೇನೋ ಹೇಳುತ್ತಲೇ ಇರುತ್ತದೆ, ಆದರೆ ಹೇಳಿದ್ದನ್ನು ಬರೆಯಬೇಕಾದ ಡಿಸ್ಕೇ ಕಾಣೆ. ಹೈ ಅವೈಲಬಿಲಿಟಿ ಸೇವೆಯೂ ಡಿಸ್ಕಿಗಾಗಿ ಕಾಯುತ್ತ ಸಿಕ್ಕಿಬೀಳುತ್ತದೆ, ವಾಚ್‌ಡಾಗ್‌ಗೆ (ಕಾವಲು ಟೈಮರ್) 'ನಾನು ಬದುಕಿದ್ದೇನೆ' ಎಂದು ಹೇಳುವುದು ನಿಲ್ಲುತ್ತದೆ. ಸುಮಾರು ಒಂದು ನಿಮಿಷ ಕಾದ ವಾಚ್‌ಡಾಗ್ ಯಂತ್ರವನ್ನು ರೀಬೂಟ್ ಮಾಡುತ್ತದೆ. ಪ್ರಾಕ್ಸ್‌ಮಾಕ್ಸ್ ಡೀಫಾಲ್ಟ್ ಆಗಿ ಬಳಸುವುದು ಸಾಫ್ಟ್‌ಡಾಗ್, ಅಂದರೆ ಕರ್ನಲ್ ಒಳಗಿನ ವಾಚ್‌ಡಾಗ್. ಬಿಎಂಸಿಯ ವಾಚ್‌ಡಾಗ್ ಆಗಿದ್ದರೆ ಈವೆಂಟ್ ಲಾಗ್‌ನಲ್ಲಿ ಒಂದು ಸಾಲು ಬೀಳುತ್ತಿತ್ತು. ಇದು ಬಿಎಂಸಿಗೆ ಗೊತ್ತೇ ಆಗುವುದಿಲ್ಲ.

ನನ್ನ ಊಹೆ ಸರಿಯಾದರೆ ರೀಬೂಟ್ ನಿಮ್ಮ ದೋಷವೇ ಅಲ್ಲ. ದೋಷ ಅದಕ್ಕೆ ಒಂದು ನಿಮಿಷ ಮುಂಚೆ ನಡೆದುಹೋಗಿದೆ.

ಹಳೇ ಕಬ್ಬಿಣ:
ಭೇಷ್ ಮೇಡಂ. ಬೆಂಬಲ ವಿಭಾಗದವರು ಕೇಳಬೇಕಿದ್ದ ಪ್ರಶ್ನೆಯನ್ನು ನೀವು ಕೇಳಿದಿರಿ.

ತುಂಗಾತೀರದವರೇ, ಹಾಗಿದ್ದರೆ ಲಾಗ್ ಅನ್ನು ಯಂತ್ರದ ಹೊರಗೆ ಕಳುಹಿಸಬೇಕು. ಸಾಮಾನ್ಯ ರಿಮೋಟ್ ಸಿಸ್‌ಲಾಗ್ ಸಾಲದು, ಡಿಸ್ಕ್ ನಿಂತಾಗ ಅದೂ ಸಿಕ್ಕಿಕೊಳ್ಳಬಹುದು. ನೆಟ್‌ಕನ್ಸೋಲ್ ಹಾಕಿ. ಅದು ಕರ್ನಲ್‌ನ ಮಾತನ್ನು ನೇರವಾಗಿ ಯುಡಿಪಿ ಪ್ಯಾಕೆಟ್ ಮಾಡಿ ಪಕ್ಕದ ಯಂತ್ರಕ್ಕೆ ಎಸೆಯುತ್ತದೆ, ಡಿಸ್ಕಿನ ಹಂಗಿಲ್ಲ. ಪ್ರಾಕ್ಸ್‌ಮಾಕ್ಸ್‌ನಲ್ಲಿ ಒಂದು ತೊಡಕಿದೆ. ನಿಮ್ಮ ನೆಟ್‌ವರ್ಕ್ ಪೋರ್ಟ್, ವರ್ಚುವಲ್ ಯಂತ್ರಗಳನ್ನು ನೆಟ್‌ವರ್ಕ್‌ಗೆ ಜೋಡಿಸುವ ಬ್ರಿಡ್ಜ್‌ಗೆ ಸೇರಿರುತ್ತದೆ. ಬ್ರಿಡ್ಜ್‌ನ ಸದಸ್ಯನಾದ ಪೋರ್ಟ್ ಮೇಲೆ ನೆಟ್‌ಕನ್ಸೋಲ್ ಏಳುವುದಿಲ್ಲ, 'ಇದು ಅಧೀನ ಸಾಧನ' ಎಂದು ಹೇಳಿ ಬಿಟ್ಟುಬಿಡುತ್ತದೆ. ಖಾಲಿ ಇರುವ ಒಂದು ಪೋರ್ಟ್‌ಗೆ ಪ್ರತ್ಯೇಕ ಕೇಬಲ್ ಎಳೆದು ಅದನ್ನೇ ಬಳಸಿ. ಕನ್ಸೋಲ್ ಲಾಗ್ ಮಟ್ಟವನ್ನು ಎಂಟಕ್ಕೆ ಏರಿಸುವುದನ್ನು ಮರೆಯಬೇಡಿ, ಇಲ್ಲವಾದರೆ ಮುಖ್ಯ ಸಾಲುಗಳೇ ಬರುವುದಿಲ್ಲ. ಬಿಎಂಸಿಯಲ್ಲಿ ಸೀರಿಯಲ್ ಓವರ್ ಲ್ಯಾನ್ (ನೆಟ್‌ವರ್ಕ್ ಮೂಲಕ ಕನ್ಸೋಲ್ ನೋಡುವ ಸೌಲಭ್ಯ) ಇದ್ದರೆ ಅದನ್ನೂ ಜೊತೆಗೆ ತೆರೆದಿಡಿ.

ರೇಡ್ ಕಂಟ್ರೋಲರ್‌ಗೆ ತನ್ನದೇ ಈವೆಂಟ್ ಲಾಗ್ ಇರುತ್ತದೆ, ಸ್ಟೋರ್‌ಸಿಎಲ್‌ಐನಲ್ಲಿ ತೆಗೆದು ನೋಡಿ. ಹೊತ್ತು ಹೋಲಿಸುವಾಗ ಹುಷಾರು: ಬಿಎಂಸಿ, ಕಂಟ್ರೋಲರ್‌ಗಳ ಗಡಿಯಾರ ಎಷ್ಟೋ ಕಡೆ ಯುಟಿಸಿಯಲ್ಲಿ ಓಡುತ್ತಿರುತ್ತದೆ. ಐದೂವರೆ ಗಂಟೆ ಸೇರಿಸದೆ ನೋಡಿದರೆ ಭಾನುವಾರ ಬೆಳಗಿನ ಜಾವದ ಘಟನೆ ಶನಿವಾರ ಸಂಜೆ ಆದಂತೆ ಕಾಣುತ್ತದೆ. ಬೂಟ್ ಆದ ಹೊಸತರ ಕೆಲವು ಸಾಲುಗಳಲ್ಲಂತೂ ದಿನಾಂಕದ ಬದಲು 'ಚಾಲೂ ಆಗಿ ಇಷ್ಟು ಸೆಕೆಂಡ್' ಎಂದಷ್ಟೇ ಇರುತ್ತದೆ.

ದೋಸೆಕಾವಲಿ:
ಇಷ್ಟೆಲ್ಲ ಯಾಕೆ ಸರ್? ಕರ್ನಲ್ ಅನ್ನು ಹಳೆಯ ಆವೃತ್ತಿಗೆ ಪಿನ್ ಮಾಡಿದರೆ (ಕಟ್ಟಿಹಾಕಿದರೆ) ಸರಿಹೋಗುತ್ತದೆ. ನನಗೆ ಹಾಗೇ ಆಗಿತ್ತು.

ಹಳೇ ಕಬ್ಬಿಣ:
ಕರ್ನಲ್ ಬದಲಾದ ವಾರದಿಂದಲೇ ತೊಂದರೆ ಶುರುವಾಗಿದ್ದರೆ ಮೊದಲು ಮಾಡಬೇಕಾದದ್ದು ಅದೇ. ಇವರು ಹಾಗೆ ಹೇಳಿಲ್ಲ.

ತುಂಗಾತೀರ:
ಸಿಕ್ಕಿತು! ಎರಡು ಭಾನುವಾರ ಏನೂ ಆಗದೆ ಕಳೆಯಿತು, ನನಗೋ ತೊಂದರೆ ಆಗಲಿ ಎಂದು ಹರಕೆ ಹೊರುವ ಸ್ಥಿತಿ. ನಿನ್ನೆ ಬೆಳಗಿನ ಜಾವ ಒಂದು ಯಂತ್ರ ಹೋಯಿತು. ನೆಟ್‌ಕನ್ಸೋಲ್‌ನಲ್ಲಿ ಬಂದ ಸಾಲುಗಳ ಸಾರ ಇಷ್ಟು:

ಮೊದಲಿಗೆ ರೇಡ್ ಕಂಟ್ರೋಲರ್ ನಡೆಸುವ ಮೆಗಾರೇಡ್ ಡ್ರೈವರ್, ಕಮಾಂಡ್‌ಗಳಿಗೆ ಉತ್ತರ ಬರುತ್ತಿಲ್ಲ ಎನ್ನುತ್ತದೆ. ಆಮೇಲೆ 'ಕಂಟ್ರೋಲರ್‌ನ ಫರ್ಮ್‌ವೇರ್ ಫಾಲ್ಟ್ ಸ್ಥಿತಿಯಲ್ಲಿರುವುದು ಪತ್ತೆಯಾಗಿದೆ, ರೀಸ್ಟಾರ್ಟ್ ಮಾಡುತ್ತಿದ್ದೇನೆ' ಎನ್ನುತ್ತದೆ. ರೀಸ್ಟಾರ್ಟ್ ಮುಗಿಯುವುದೇ ಇಲ್ಲ. ಕೊನೆಯ ಸಾಲು ಸಾಫ್ಟ್‌ಡಾಗ್‌ನದು, 'ರೀಬೂಟ್ ಆರಂಭಿಸುತ್ತಿದ್ದೇನೆ'. ಬಿಟ್ಟು ಬೈಟು ಅವರು ಹೇಳಿದ ಕ್ರಮದಲ್ಲೇ, ಒಂದೂ ತಪ್ಪದಂತೆ.

ಕಂಟ್ರೋಲರ್‌ನ ಲಾಗ್ ಅನ್ನೂ ತೆಗೆದೆ. ಐದೂವರೆ ಗಂಟೆ ಸೇರಿಸಿದ ಮೇಲೆ ಲೆಕ್ಕ ಹೊಂದಿತು. ಫಾಲ್ಟ್‌ಗೆ ಸ್ವಲ್ಪ ಮುಂಚೆ 'ಪ್ಯಾಟ್ರೋಲ್ ರೀಡ್ ಆರಂಭ' ಎಂಬ ಸಾಲಿದೆ. ಅದೇ ಹೊತ್ತಿಗೆ ಬ್ಯಾಕಪ್ ಡಿಸ್ಕನ್ನು ಜೋರಾಗಿ ಓದುತ್ತಿತ್ತು. ಹಿಂದಿನ ರೀಬೂಟ್‌ಗಳ ಸಮಯಕ್ಕೂ ಇದನ್ನು ಹೋಲಿಸಿದೆ, ಲಾಗ್ ಉಳಿದಿರುವಷ್ಟು ಕಡೆ ತಾಳೆಯಾಗುತ್ತದೆ.

ರಾತ್ರಿ ಪಾಳಿ:
ಗೊತ್ತಿಲ್ಲದವರಿಗೆ: ಪ್ಯಾಟ್ರೋಲ್ ರೀಡ್ ಎಂದರೆ ಕಂಟ್ರೋಲರ್ ತಾನಾಗಿ ಎಲ್ಲ ಡಿಸ್ಕ್‌ಗಳನ್ನೂ ಮೊದಲಿನಿಂದ ಕೊನೆಯವರೆಗೆ ಓದಿ ಕೆಟ್ಟ ಸೆಕ್ಟರ್ ಹುಡುಕುವ ಕೆಲಸ. ಈ ವಂಶದ ಕಂಟ್ರೋಲರ್‌ಗಳಲ್ಲಿ ಡೀಫಾಲ್ಟ್ ಅವಧಿ 168 ಗಂಟೆ, ಅಂದರೆ ವಾರಕ್ಕೊಮ್ಮೆ. ಶನಿವಾರ ರಾತ್ರಿಯ ಗುಟ್ಟು ಬಹುಶಃ ಇದೇ. ಈಗ ನಿಮ್ಮ ಕಂಟ್ರೋಲರ್‌ನ ಬಿಡುಗಡೆ ಟಿಪ್ಪಣಿಗಳನ್ನು ಓದಿ. ಏನು ಹುಡುಕಬೇಕೆಂದು ಈಗ ಗೊತ್ತಿದೆಯಲ್ಲ.

ತುಂಗಾತೀರ:
ಓದಿದೆ. ನಮ್ಮ ಆವೃತ್ತಿಗಿಂತ ಎರಡು ಹೆಜ್ಜೆ ಮುಂದಿನ ಬಿಡುಗಡೆಯಲ್ಲಿ ಒಂದೇ ಸಾಲು: ಹಿನ್ನೆಲೆ ಪರಿಶೀಲನೆ ನಡೆಯುವಾಗ ಭಾರೀ ಓದು ಬಂದರೆ ಕಂಟ್ರೋಲರ್ ಸ್ಪಂದಿಸದೆ ಹೋಗಬಹುದಾದ ದೋಷವನ್ನು ಸರಿಪಡಿಸಲಾಗಿದೆ. ಬೆಂಬಲ ವಿಭಾಗಕ್ಕೆ ಈ ಸಾಲು, ನೆಟ್‌ಕನ್ಸೋಲ್ ಲಾಗ್ ಎರಡನ್ನೂ ಕಳುಹಿಸಿದೆ. ಈ ಸಲ ಬೇರೆ ಮಟ್ಟದ ಎಂಜಿನಿಯರ್ ಒಬ್ಬರು ತಾವಾಗಿ ಕರೆ ಮಾಡಿದರು.

ಹಾಗಾದರೆ ಮೂರಕ್ಕೂ ಕಂಟ್ರೋಲರ್ ಫರ್ಮ್‌ವೇರ್ ಹಾಕಿಬಿಡಲೇ?

ಹಳೇ ಕಬ್ಬಿಣ:
ಮೂರಕ್ಕೂ ಒಟ್ಟಿಗೆ ಬೇಡ. ನಿಮ್ಮ ಕೈಯಲ್ಲಿ ಒಂದೇ ಮಾದರಿಯ ಮೂರು ಯಂತ್ರಗಳಿವೆ, ಅಂಥ ಭಾಗ್ಯ ಎಲ್ಲರಿಗೂ ಇರುವುದಿಲ್ಲ. ಒಂದಕ್ಕೆ ಹೊಸ ಫರ್ಮ್‌ವೇರ್ ಹಾಕಿ, ಪ್ಯಾಟ್ರೋಲ್ ರೀಡ್ ಇದ್ದ ಹಾಗೇ ಇರಲಿ. ಎರಡನೆಯದರಲ್ಲಿ ಫರ್ಮ್‌ವೇರ್ ಹಳೆಯದೇ ಇರಲಿ, ಪ್ಯಾಟ್ರೋಲ್ ರೀಡ್ ಮಾತ್ರ ನಿಲ್ಲಿಸಿ. ಮೂರನೆಯದನ್ನು ಮುಟ್ಟಬೇಡಿ. ಮುಟ್ಟದ ಯಂತ್ರವೂ ಒಮ್ಮೆ ಪವರ್ ತೆಗೆದು ಹಾಕಿಸಿಕೊಳ್ಳಲಿ, ಆಗ 'ಪವರ್ ತೆಗೆದದ್ದರಿಂದ ಸರಿಹೋಯಿತೇ' ಎಂಬ ಪ್ರಶ್ನೆಯೂ ಇತ್ಯರ್ಥವಾಗುತ್ತದೆ. ಬಯಾಸ್, ಮೈಕ್ರೋಕೋಡ್ ಎಲ್ಲ ಆಮೇಲೆ.

ರಾತ್ರಿ ಪಾಳಿ:
ತತ್ವ ಸರಿ, ಆದರೆ ಹಾಳಾಗುತ್ತದೆಂದು ಗೊತ್ತಿರುವ ಯಂತ್ರವನ್ನು ಹಾಗೇ ಬಿಡಿ ಎಂದು ಆಡಳಿತ ಮಂಡಳಿಗೆ ಹೇಳಿ ಒಪ್ಪಿಸುವವರು ಯಾರು? ಮೂರನೆಯದರ ಮೇಲೆ ಮುಖ್ಯವಲ್ಲದ ವರ್ಚುವಲ್ ಯಂತ್ರಗಳನ್ನಷ್ಟೇ ಇಡಿ. ಎರಡನೆಯದರಲ್ಲಿ ಪ್ಯಾಟ್ರೋಲ್ ರೀಡ್ ನಿಲ್ಲಿಸಿದರೆ ಅದು ತಾತ್ಕಾಲಿಕ ಎಂದು ಎಲ್ಲಾದರೂ ದೊಡ್ಡ ಅಕ್ಷರದಲ್ಲಿ ಬರೆದಿಡಿ. ವರ್ಷಗಟ್ಟಲೆ ನಿಂತೇ ಇದ್ದರೆ ಕೆಟ್ಟ ಸೆಕ್ಟರ್‌ಗಳು ಒಳಗೊಳಗೇ ಕೂಡುತ್ತವೆ, ಒಂದು ಡಿಸ್ಕ್ ಸತ್ತು ರೀಬಿಲ್ಡ್ ಆಗುವಾಗ ಹೊರಬೀಳುತ್ತವೆ.

ಅಪ್‌ಡೇಟ್ ಮಾಡುವ ದಿನಕ್ಕೆ: ಆ ಯಂತ್ರದ ವರ್ಚುವಲ್ ಯಂತ್ರಗಳನ್ನೆಲ್ಲ ಬೇರೆಡೆ ಸಾಗಿಸಿ, ಅದರ ಬ್ಯಾಕಪ್ ಅನ್ನು ಒಮ್ಮೆ ನಿಜವಾಗಿಯೂ ತೆರೆದು ನೋಡಿ. ಈಗಿರುವ ಆವೃತ್ತಿಯ ಫರ್ಮ್‌ವೇರ್ ಕಡತವನ್ನೂ ಇಳಿಸಿಟ್ಟುಕೊಳ್ಳಿ, ಹಿಂದಕ್ಕೆ ಹೋಗಬೇಕಾಗಿ ಬಂದ ದಿನ ಅದು ಜಾಲತಾಣದಲ್ಲಿ ಇರುತ್ತದೆಂಬ ಭರವಸೆ ಇಲ್ಲ. ಹಳೆಯ ಆವೃತ್ತಿಯಿಂದ ನೇರವಾಗಿ ಜಿಗಿಯಬಹುದೇ, ನಡುವಿನ ಒಂದನ್ನು ಹಾಕಲೇಬೇಕೇ ಎಂಬುದು ಟಿಪ್ಪಣಿಯಲ್ಲಿ ಇರುತ್ತದೆ. ಮುಂದೆ ಉಳಿದವುಗಳನ್ನೂ ಮಾಡುವಾಗ ಬಿಎಂಸಿ ಮೊದಲು, ಬಯಾಸ್ ನಂತರ, ಆಮೇಲೆ ಕಾರ್ಡ್‌ಗಳು, ಕೊನೆಗೆ ಡಿಸ್ಕ್‌ಗಳು. ಹಾಗೆ ಹೋದರೆ ತಲೆನೋವು ಕಡಿಮೆ. ಕಂಪನಿಯ ಸೂಚನೆ ಬೇರೆ ಇದ್ದರೆ ಅದನ್ನೇ ನಂಬಿ. ಫ್ಲ್ಯಾಶ್ ಆಗುತ್ತಿರುವಾಗ ಪ್ರಗತಿ ತೋರಿಸುವ ಪಟ್ಟಿ ಮುಂದೆ ಸರಿಯುತ್ತಿಲ್ಲ ಎಂದು ಪವರ್ ಬಟನ್ ಒತ್ತಬೇಡಿ. ಕಾಫಿ ಕುಡಿದು ಬನ್ನಿ.

ಕಡಲಾಚೆ:
ಇಷ್ಟರ ನಡುವೆ ರ‍್ಯಾಮ್ ಅನ್ನು ಪೂರ್ತಿ ಬಿಟ್ಟುಬಿಡಬೇಡಿ. ಗೂಗಲ್ ತನ್ನ ಸರ್ವರ್‌ಗಳ ಮೇಲೆ ನಡೆಸಿ 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದು ವರ್ಷದಲ್ಲಿ ಶೇ. 8ಕ್ಕೂ ಹೆಚ್ಚು ಮೆಮೊರಿ ಪಟ್ಟಿಗಳಲ್ಲಿ ತಪ್ಪುಗಳು ಕಂಡಿದ್ದವು. ಒಂದು ರಾತ್ರಿಯ ಮೆಮ್‌ಟೆಸ್ಟ್‌ಗೆ ಅವು ಸಿಗುವ ಖಾತ್ರಿಯಿಲ್ಲ. ರಾಸ್‌ಡೀಮನ್ ಹಾಕಿಡಿ, ಮೆಮೊರಿಯ ತಪ್ಪು ತಿದ್ದುವ ವ್ಯವಸ್ಥೆಯಾದ ಇಸಿಸಿ ಸದ್ದಿಲ್ಲದೆ ತಿದ್ದಿದ ತಪ್ಪುಗಳನ್ನು ಅದು ಮೆಮೊರಿ ಪಟ್ಟಿಯ ಹೆಸರು ಸಮೇತ ಎಣಿಸುತ್ತದೆ.

ತುಂಗಾತೀರ:
ಹಲವು ವಾರಗಳ ನಂತರ ಬರೆಯುತ್ತಿದ್ದೇನೆ. ಹೊಸ ಫರ್ಮ್‌ವೇರ್ ಹಾಕಿದ ಯಂತ್ರ, ಪ್ಯಾಟ್ರೋಲ್ ರೀಡ್ ನಿಲ್ಲಿಸಿದ ಯಂತ್ರ ಎರಡೂ ಅಲುಗಿಲ್ಲ. ಏನೂ ಮಾಡದ ಮೂರನೆಯದು ಪವರ್ ತೆಗೆದು ಹಾಕಿದ ಮೇಲೂ ಒಂದು ಭಾನುವಾರ ಬಿದ್ದಿತು, ನೆಟ್‌ಕನ್ಸೋಲ್‌ನಲ್ಲಿ ಅದೇ ಸಾಲುಗಳು. ಎಂದಾದರೊಮ್ಮೆ ಬರುವ ದೋಷವಾದ್ದರಿಂದ ಇನ್ನಷ್ಟು ಕಾಯಬೇಕಿತ್ತು ಎಂದು ಕಬ್ಬಿಣದವರು ಬೈಯಬಹುದು. ಆಡಳಿತ ಮಂಡಳಿಗೆ ಇಷ್ಟೇ ಸಾಕಾಯಿತು. ಈಗ ಮೂರಕ್ಕೂ ಕಂಟ್ರೋಲರ್ ಫರ್ಮ್‌ವೇರ್ ಹಾಕಿ ಪ್ಯಾಟ್ರೋಲ್ ರೀಡ್ ಮತ್ತೆ ಚಾಲೂ ಮಾಡಿದ್ದೇನೆ. ಬ್ಯಾಕಪ್‌ನ ಹೊತ್ತನ್ನೂ ಸರಿಸಿದ್ದೇನೆ. ಪ್ರಾಕ್ಸ್‌ಮಾಕ್ಸ್‌ಗೆ ತಳಹದಿಯಾದ ಡೆಬಿಯನ್‌ನ ನಾನ್‌ಫ್ರೀ ಫರ್ಮ್‌ವೇರ್ ವಿಭಾಗ ಸೇರಿಸಿ ಮೈಕ್ರೋಕೋಡ್ ಹಾಕುವುದು ಮುಂದಿನ ತಿಂಗಳ ಕೆಲಸ. ರೂಟ್ ಡಿಸ್ಕನ್ನು ರೇಡ್ ಕಂಟ್ರೋಲರ್‌ನಿಂದ ಹೊರಗೆ ತರಲು ಎರಡೆರಡು ಸಣ್ಣ ಎಸ್‌ಎಸ್‌ಡಿ ಕೊಡಿಸಿ ಎಂದು ಬರೆದುಕೊಟ್ಟಿದ್ದೇನೆ.

ಬಿಟ್ಟು ಬೈಟು:
ನೆಟ್‌ಕನ್ಸೋಲ್ ಕೇಬಲ್ ಮಾತ್ರ ಕೀಳಬೇಡಿ!

ಹೊಸಬ:
ಇದೇ ಎಳೆಯಲ್ಲಿ ಕೇಳಬಹುದೇ? ನಮ್ಮ ಸರ್ವರ್‌ನ ವಾರಂಟಿ ಮುಗಿದು ವರ್ಷಗಳಾಗಿವೆ. ಬಿಡುಗಡೆ ಟಿಪ್ಪಣಿ ಓದಲು ಸಿಗುತ್ತದೆ, ಫರ್ಮ್‌ವೇರ್ ಕಡತ ಇಳಿಸಲು ಹೋದರೆ ಒಪ್ಪಂದದ ಸಂಖ್ಯೆ ಕೇಳುತ್ತದೆ.

ರಾತ್ರಿ ಪಾಳಿ:
ಕಂಪನಿಯಿಂದ ಕಂಪನಿಗೆ ಬೇರೆ. ಎಚ್‌ಪಿ 2014ರಲ್ಲೇ ಪ್ರೊಲಯಂಟ್ ಸರ್ವರ್‌ಗಳ ಬಯಾಸ್ ಅಪ್‌ಡೇಟ್ ಅನ್ನು ವಾರಂಟಿ ಅಥವಾ ಒಪ್ಪಂದ ಇದ್ದವರಿಗೆ ಸೀಮಿತಗೊಳಿಸಿತು. ಎಲ್ಲ ಕಂಪನಿಗಳೂ ಹಾಗೆ ಬೀಗ ಹಾಕಿಲ್ಲ. ಮೈಕ್ರೋಕೋಡ್‌ಗಾದರೆ ಬಯಾಸ್ ಬೇಕೆಂದೇ ಇಲ್ಲ, ಬೂಟ್ ಆಗುವಾಗ ಲಿನಕ್ಸ್ ತಾನೇ ಹಾಕಿಕೊಳ್ಳುತ್ತದೆ. ಕೆಲವು ಸಾಧನಗಳ ಫರ್ಮ್‌ವೇರ್ ಎಫ್‌ಡಬ್ಲ್ಯುಯುಪಿಡಿ ಎಂಬ ಲಿನಕ್ಸ್ ಉಪಕರಣದ ಮೂಲಕವೂ ಸಿಗುತ್ತದೆ, ಒಮ್ಮೆ ಓಡಿಸಿ ನೋಡಿ. ಅಪರಿಚಿತ ತಾಣದಲ್ಲಿ ಯಾರೋ ಹಾಕಿದ ಬಯಾಸ್ ಕಡತವನ್ನು ಮಾತ್ರ ಹಾಕಬೇಡಿ. ಯಾವ ಮಾದರಿ, ಯಾವ ಕಂಟ್ರೋಲರ್, ಈಗಿನ ಆವೃತ್ತಿಗಳು ಯಾವುವು ಎಂದು ಬರೆದು ಬೇರೆ ಎಳೆ ತೆರೆಯಿರಿ, ಇಲ್ಲಿ ಎರಡೂ ಕಲಸಿಹೋಗುತ್ತವೆ.